ಕಲ್ಲಪ್ಪನನ್ನು ಪರೀಕ್ಷಿಸಿದವಳು

ಈ ಮಾತನ್ನು ಡೈರಿಗೆ ಹೇಳುವುದೋ ಬೇಡವೋ ಎಂದು ಎರಡು ದಿನ ಯೋಚಿಸಿ, ಕೊನೆಗೆ ಪೆನ್ಸಿಲಿನಲ್ಲಿ ಬರೆದೆ. ಧೈರ್ಯ ಸಾಲದಿದ್ದರೆ ರಬ್ಬರಿನಿಂದ ಅಳಿಸಬಹುದಲ್ಲ. ಬರೆದದ್ದು ಇಷ್ಟೇ: ‘ನಾನೊಂದು ಸುಳ್ಳು ಹೇಳಿದ್ದೇನೆ. ಕೇಳಿದವರೆಲ್ಲ ನಂಬಿದ್ದಾರೆ. ಭಯವಾಗುತ್ತಿದೆ. ಅದಕ್ಕಿಂತ ಹೆಚ್ಚಾಗಿ, ಹೇಳಿಕೊಳ್ಳಲು ನಾಚಿಕೆ, ಖುಷಿಯಾಗುತ್ತಿದೆ.’

ಹಾಗೆ ನೋಡಿದರೆ ನಾನು ಸುಳ್ಳು ಹೇಳುವಷ್ಟು ಮಾತಾಡುವವಳೇ ಅಲ್ಲ. ನನ್ನ ಬಾಯಿಂದ ಹೊರಡುವುದು ‘ಹೂಂ’ ಒಂದೇ. ಊಟ ಆಯಿತೇ ಎಂದರೆ ಹೂಂ, ಪದವಿ ಮುಗಿಯಿತೇ ಎಂದರೆ ಹೂಂ, ಇನ್ನು ಮುಂದೇನು ಎಂದರೂ ಹೂಂ. ಆದರೆ ಬರೆಯಲು ಕುಳಿತರೆ ನನ್ನ ಕೈಗೆ ನನ್ನ ಬಾಯಿಯ ಗುಣ ಇಲ್ಲ. ಅನಾಹುತವಾದದ್ದು ಅಲ್ಲೇ.

ಪದವಿ ಮುಗಿಸಿ ಮನೆಯಲ್ಲಿ ಕುಳಿತ ಎಂಟು ತಿಂಗಳಲ್ಲಿ ನಾನು ಸೇರಿದ್ದು ಒಂದೇ ಒಂದು ಗುಂಪು. ಅಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ, ಎಲ್ಲರೂ ಪತ್ರ ಬರೆಯುತ್ತಾರೆ. ನನಗೆಂದೇ ಅಳತೆ ತೆಗೆದು ಹೊಲಿದ ಗುಂಪು. ಅವರೆಲ್ಲ ಸೇರಿ ಒಂದು ಆಪರೇಟಿಂಗ್ ಸಿಸ್ಟಮ್ಮಿನ ಕರ್ನಲ್ಲನ್ನು, ಅಂದರೆ ಅದರ ತಿರುಳನ್ನು, ದಿನವೂ ತಿದ್ದುತ್ತಿರುತ್ತಾರೆ. ಆ ತಿರುಳಿಗೂ ಕಂಪ್ಯೂಟರಿನ ಒಂದೊಂದು ಬಿಡಿಭಾಗಕ್ಕೂ ನಡುವೆ ನಿಂತು, ಇದರ ಮಾತನ್ನು ಅದಕ್ಕೆ, ಅದರ ಮಾತನ್ನು ಇದಕ್ಕೆ ದಾಟಿಸುವ ಪುಟ್ಟ ಪ್ರೋಗ್ರಾಮಿಗೆ ಡ್ರೈವರ್ ಎನ್ನುತ್ತಾರೆ. ಮೂವತ್ತು ವರ್ಷ ಹಳೆಯ ನೆಟ್‌ವರ್ಕ್ ಕಾರ್ಡೊಂದರ ಡ್ರೈವರನ್ನು ಅಲ್ಲಿನ ಉಸ್ತುವಾರಿಯವರು ಹೊಸದಾಗಿ ತಿದ್ದಿ, ಒಂದು ಪ್ರಶ್ನೆ ಹಾಕಿದ್ದರು: ‘ಈ ಕಾರ್ಡು ಇನ್ನೂ ಯಾರ ಹತ್ತಿರವಾದರೂ ಇದೆಯೇ? ನಿಜವಾದ ಯಂತ್ರದ ಮೇಲೆ ಯಾರೂ ಪರೀಕ್ಷಿಸದಿದ್ದರೆ ಈ ಡ್ರೈವರನ್ನೇ ಕಿತ್ತುಹಾಕಬೇಕಾಗುತ್ತದೆ.’

ಮೂರು ವಾರ ಯಾರೂ ಉಸಿರೆತ್ತಲಿಲ್ಲ.

ಆ ಕಾರ್ಡು ನಮ್ಮ ಮನೆಯಲ್ಲಿತ್ತು. ಕಲ್ಲಪ್ಪನ ಹೊಟ್ಟೆಯಲ್ಲಿ.

ದೊಡ್ಡಪ್ಪ ತಮ್ಮ ಟೈಪಿಂಗ್ ಶಾಲೆ ಮುಚ್ಚಿದಾಗ "ಎರಡು ದಿನ ಇಟ್ಕೊಂಡಿರಿ" ಎಂದು ಒಂದು ಕಂಪ್ಯೂಟರನ್ನು ನಮ್ಮ ಮನೆಯಲ್ಲಿಳಿಸಿ ಹೋಗಿ ಹದಿನೇಳು ವರ್ಷವಾಗಿದೆ. ಎತ್ತಲು ಹೋದವರ ಸೊಂಟ ಹಿಡಿಯುತ್ತಿದ್ದುದರಿಂದ ಅಮ್ಮ ಅದಕ್ಕೆ ಕಲ್ಲಪ್ಪ ಎಂದು ಹೆಸರಿಟ್ಟಳು. ಅಮ್ಮ ಹೊಲಿಗೆಯವಳು. ಬಟ್ಟೆ ಕತ್ತರಿಸುವ ಮೇಜಿನ ನಾಲ್ಕನೇ ಕಾಲು ಮುರಿದ ದಿನ ಕಲ್ಲಪ್ಪನನ್ನು ಆ ಮೂಲೆಗೆ ತಳ್ಳಿ ನೋಡಿದಳು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕುಳಿತುಕೊಂಡಿತು. ಅಂದಿನಿಂದ ಕಲ್ಲಪ್ಪ ಕಂಪ್ಯೂಟರಲ್ಲ, ಕಾಲು.

"ಅಮ್ಮಾ, ಕಲ್ಲಪ್ಪ ಒಂದು ಗಂಟೆ ಬೇಕಿತ್ತು" ಎಂದೆ. ನನ್ನ ಮಟ್ಟಿಗೆ ಅದು ಭಾಷಣ.

"ನೂರಾ ನಲವತ್ತು ಸ್ಕೂಲ್ ಯೂನಿಫಾರಂ ಕತ್ತರಿಸೋದಿದೆ. ಶನಿವಾರದೊಳಗೆ ಈ ಮೇಜು ಅಲ್ಲಾಡ್ತು ಅಂದ್ರೆ ನಿನ್ನನ್ನೇ ನಾಲ್ಕನೇ ಕಾಲು ಮಾಡಿ ನಿಲ್ಲಿಸ್ತೀನಿ!"

"ಹೂಂ."

ಸರಿ, ಲ್ಯಾಪ್‌ಟಾಪಿನಲ್ಲೇ ಹಳೆಯ ಯಂತ್ರದ ವೇಷ ಹಾಕುವ ಎಮ್ಯುಲೇಟರ್ ಎಂಬ ಸಾಧನವಿದೆಯಲ್ಲ, ಅದರೊಳಗೆ ಹೊಸ ಡ್ರೈವರನ್ನು ಓಡಿಸಿದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಓಡಿತು. ಆ ಹುಮ್ಮಸ್ಸಿನಲ್ಲೇ ಉಸ್ತುವಾರಿಯವರಿಗೆ ಮೂರು ವಾಕ್ಯ ಬರೆದು ಕಳಿಸಿಬಿಟ್ಟೆ: ‘ನನ್ನ ಹತ್ತಿರ ಈ ಕಾರ್ಡು ಇದೆ. ಅದರ ಮೇಲೆ ಪರೀಕ್ಷಿಸಿದೆ. ಸರಿಯಾಗಿ ಕೆಲಸ ಮಾಡುತ್ತದೆ.’ ಮೊದಲ ವಾಕ್ಯ ನಿಜ. ಉಳಿದೆರಡು, ಹೇಗೂ ಶನಿವಾರ ಕಲ್ಲಪ್ಪ ಸಿಕ್ಕ ಮೇಲೆ ನಿಜವಾಗಲಿವೆ ಎಂಬ ಧೈರ್ಯ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎನ್ನುತ್ತಾರೆ. ಹೊಲಿಗೆಯವಳ ಮಗಳಾದ್ದರಿಂದ ನಾನು ಕುಲಾವಿಗೆ ಗುಂಡಿಯನ್ನೂ ಹಚ್ಚಿದ್ದೆ.

ಉತ್ತರ ಬಂತು! ‘ತುಂಬಾ ಧನ್ಯವಾದ! ಈ ಕಾರ್ಡನ್ನು ಇಂದಿಗೂ ಓಡಿಸುತ್ತಿರುವ ಒಂದು ಗ್ರಂಥಾಲಯ, ಎರಡು ಕಾರ್ಖಾನೆ ನನಗೆ ಗೊತ್ತು. ಭಾನುವಾರ ಇದನ್ನು ಮುಖ್ಯ ಕರ್ನಲ್ಲಿಗೆ ಸೇರಿಸುತ್ತೇನೆ.’ ಕೆಳಗೆ, ಆ ಗುಂಪಿನ ಪದ್ಧತಿಯಂತೆ, ಒಂದು ಸಾಲು. ಪ್ರತಿ ತಿದ್ದುಪಡಿಯ ಕಾಲ ಬಳಿ ಬರೆದವರು ಯಾರು, ಓದಿ ಒಪ್ಪಿದವರು ಯಾರು, ಪರೀಕ್ಷಿಸಿದವರು ಯಾರು ಎಂದು ಹೆಸರು ಹಾಕುತ್ತಾರೆ. ‘ಟೆಸ್ಟೆಡ್ ಬೈ’, ಮುಂದೆ ನನ್ನ ಹೆಸರು. ಒಮ್ಮೆ ಕರ್ನಲ್ಲಿಗೆ ಸೇರಿದರೆ ಆ ಸಾಲು ಶಾಶ್ವತ. ಅದನ್ನು ಅಳಿಸುವ ರಬ್ಬರನ್ನು ಇನ್ನೂ ಯಾರೂ ಮಾಡಿಲ್ಲ.

ನಾನು ಆ ಸಾಲನ್ನು ಹನ್ನೊಂದನೇ ಸಲ ಓದುತ್ತಿದ್ದಾಗ ಬೆನ್ನ ಹಿಂದೆ ಅಪ್ಪ ನಿಂತಿದ್ದರು.

"ಏನೇ ಪುಟ್ಟಿ, ನಿನ್ನ ಹೆಸರಿದೆ ಅಲ್ಲಿ?"

"ಹೂಂ."

"ಟೆಸ್ಟೆಡ್ ಬೈ ಅಂತಿದೆ! ನೀನು ಟೆಸ್ಟ್ ಮಾಡಿದ್ದು ಹೊರದೇಶಕ್ಕೂ ಹೋಗುತ್ತಾ?"

"ಹೂಂ."

"ಬ್ಯಾಂಕು, ಆಸ್ಪತ್ರೆ, ವಿಮಾನ ನಿಲ್ದಾಣ, ಅಲ್ಲಿನ ಕಂಪ್ಯೂಟರಿಗೂ?"

ಕರ್ನಲ್ಲು ಹೋದಲ್ಲೆಲ್ಲ ಅದರ ಇತಿಹಾಸವೂ ಹೋಗುತ್ತದೆ ಎಂಬರ್ಥದಲ್ಲಿ ಇದನ್ನು ಅಲ್ಲ ಎನ್ನಲಾಗದು. "ಹೂಂ."

"ಅಂದ್ರೆ ನೀನು ಸರಿ ಇದೆ ಅನ್ನೋ ತನಕ ಅವರು ಮುಂದಕ್ಕೆ ಹೋಗೋ ಹಾಗಿಲ್ಲ!"

"...ಹೂಂ."

ನಾಲ್ಕೇ ನಾಲ್ಕು ಹೂಂ. ರಾಜ್ಯಗಳು ಇದಕ್ಕಿಂತ ಕಡಿಮೆ ಮಾತಿನಲ್ಲಿ ಬಿದ್ದಿವೆಯೋ ಏನೋ, ನನಗೆ ಗೊತ್ತಿಲ್ಲ. ಅಪ್ಪನ ವೃತ್ತಿಯನ್ನು ಇಲ್ಲಿ ಹೇಳಲೇಬೇಕು. ಅವರು ಪಾರ್ಸಲ್ ಆಫೀಸಿನ ಗುಮಾಸ್ತರು. ಬೇರೆಯವರು ತೂಗಿದ, ಬೇರೆಯವರು ಕಟ್ಟಿದ, ಬೇರೆಯವರು ಪರೀಕ್ಷಿಸಿದ ಪೆಟ್ಟಿಗೆಗಳಿಗೆ ಇಪ್ಪತ್ತೆಂಟು ವರ್ಷದಿಂದ ಮುದ್ರೆ ಒತ್ತುತ್ತಿದ್ದಾರೆ. ಮುದ್ರೆ ಬೀಳದ ವಸ್ತು ಅವರ ಲೆಕ್ಕದಲ್ಲಿ ಇನ್ನೂ ಹುಟ್ಟೇ ಇಲ್ಲ. ಅಷ್ಟು ವರ್ಷದಲ್ಲಿ ಯಾವ ಮುದ್ರೆಯ ಮೇಲೂ ಅವರ ಹೆಸರಿರಲಿಲ್ಲ.

ಮರುದಿನ ಸಂಜೆ ಅವರು ಜೇಬಿನಿಂದ ಒಂದು ಪೊಟ್ಟಣ ತೆಗೆದರು. ರಬ್ಬರ್ ಸ್ಟ್ಯಾಂಪು. ನಡುವೆ ನನ್ನ ಹೆಸರು, ಮೇಲೆ ‘ಪರೀಕ್ಷಿಸಿದವರು’, ಸುತ್ತ ಒಂದು ಭೂಗೋಳ.

"ಸ್ಟ್ಯಾಂಪ್ ಮಾಡೋನು ಕೇಳಿದ, ನಕ್ಷತ್ರ ಹಾಕ್ಲಾ ಭೂಗೋಳ ಹಾಕ್ಲಾ ಅಂತ. ವ್ಯಾಪ್ತಿ ಎಷ್ಟಿದ್ಯೋ ಅಷ್ಟು ಹಾಕಪ್ಪ ಅಂದೆ" ಎಂದರು ಅಪ್ಪ.

ನಿಜ ಹೇಳಬೇಕೆಂದು ಬಾಯಿ ತೆರೆದೆ. ಅವರು ಸ್ಟ್ಯಾಂಪನ್ನು ಮೆತ್ತಗೆ ಊದಿ, ತಮ್ಮ ಅಂಗೈ ಮೇಲೇ ಮೊದಲು ಒತ್ತಿಕೊಂಡು ನೋಡುತ್ತಿದ್ದರು. ಬಾಯಿ ಮುಚ್ಚಿದೆ.

ಬುಧವಾರ ಬೆಳಿಗ್ಗೆ ಬಾಗಿಲು ತೆರೆದರೆ ಮೂರನೇ ಮಹಡಿಯ ಆಂಟಿ, ಕಂಕುಳಲ್ಲಿ ಮಿಕ್ಸಿ. "ನಿಮ್ಮ ಮಗಳು ಪ್ರಪಂಚದ ಕಂಪ್ಯೂಟರೆಲ್ಲಾ ಟೆಸ್ಟ್ ಮಾಡ್ತಾಳಂತೆ. ಇದೊಂದು ಮಿಕ್ಸಿ ಹೆಚ್ಚಾ?" ಅಪ್ಪ ಮಿಕ್ಸಿ ತಿರುಗಿಸಿದರು. ಅದು ತಿರುಗಿತು. ಅಪ್ಪ ನನ್ನ ಮುಖ ನೋಡಿದರು, ನಾನು ಅಭ್ಯಾಸಬಲದಿಂದ ಹೂಂ ಎಂದೆ, ಮುದ್ರೆ ಬಿತ್ತು.

ಮಧ್ಯಾಹ್ನ ಅತ್ತೆ ಬಂದರು. ಅಪ್ಪನ ತಂಗಿ. ತಂದದ್ದು ರಕ್ತದೊತ್ತಡ ನೋಡುವ ಯಂತ್ರ.

"ಅಣ್ಣಾ, ಇದು ಯಾವಾಗ್ಲೂ ನನಗೆ ಜಾಸ್ತಿ ಅಂತಾನೇ ತೋರಿಸುತ್ತೆ. ಇದು ಕೆಟ್ಟಿದೆ ಅಂತ ಒಂದು ಮುದ್ರೆ ಒತ್ತಿಸಿ ಕೊಡು. ಡಾಕ್ಟರ ಮುಖಕ್ಕೆ ಹಿಡೀತೀನಿ."

"ಕೆಟ್ಟಿದೆ ಅನ್ನೋ ಸ್ಟ್ಯಾಂಪು ಮಾಡಿಸಿಲ್ಲ ಕಣೇ. ನಮ್ಮದೇನಿದ್ರೂ ಸರಿ ಇದೆ ಅನ್ನೋದೇ."

"ಹಾಗಾದ್ರೆ ನನಗೇ ಒತ್ತು. ಈ ಹೆಂಗಸು ಸರಿ ಇದಾಳೆ ಅಂತ."

"ಒತ್ತಿ, ಒತ್ತಿ" ಎಂದಳು ಅಮ್ಮ, ಕತ್ತರಿಯಿಂದ ತಲೆಯೆತ್ತದೆ. "ನಾಳೆ ನನ್ನ ಬೆನ್ನಿಗೂ ಒತ್ತಿ ಪಾರ್ಸಲ್ ಮಾಡ್ಬಿಡ್ತಾರೆ."

ಇಷ್ಟಕ್ಕೇ ನಿಂತಿದ್ದರೆ ನಮ್ಮ ಕಟ್ಟಡದಷ್ಟರಲ್ಲೇ ಮುಗಿಯುತ್ತಿತ್ತು. ಆದರೆ ಬೀದಿಯ ತುದಿಯಲ್ಲಿ ನೀರೆತ್ತುವ ಮೋಟಾರಿನ ಅಂಗಡಿಯವರಿದ್ದಾರೆ. ಅವರು ಅಪ್ಪನಿಂದ ಸ್ಟ್ಯಾಂಪನ್ನು "ಒಂದೇ ನಿಮಿಷ ಕೊಡಿ ಸಾರ್" ಎಂದು ಈಸಿಕೊಂಡು ಹೋಗಿ, ಅರವತ್ತೆರಡು ಮೋಟಾರಿಗೆ ಒತ್ತಿ ತಂದುಕೊಟ್ಟರು. ಅಂಗಡಿಯ ಮುಂದೆ ಹಲಗೆ ಎದ್ದಿತು: ‘ಭೂಮಂಡಲ ಪರೀಕ್ಷಕಿಯವರಿಂದ ಪರೀಕ್ಷಿತ.’ ಆ ಭೂಮಂಡಲ ಪರೀಕ್ಷಕಿ ಅದರ ಮುಂದೆ ಹಾದುಹೋಗಲು ನಾಚಿ ಎರಡು ಬೀದಿ ಸುತ್ತು ಹಾಕುತ್ತಿದ್ದಳು. ಹಾಗೆ ಮುದ್ರೆ ಬಿದ್ದ ಮೋಟಾರೊಂದು ಯಾರದೋ ಮನೆಯಲ್ಲಿ ಹಿಮ್ಮುಖವಾಗಿ ತಿರುಗಿ, ಮೇಲಿನ ತೊಟ್ಟಿಯಲ್ಲಿದ್ದ ನೀರನ್ನೂ ಕೆಳಗೆ ತಂದು ಹಾಕಿತಂತೆ.

ಆ ಮನೆಯವರ ದೂರು ಹಿಡಿದು ಶುಕ್ರವಾರ ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರು ಬಂದರು.

ತೆಳ್ಳನೆಯ ಮನುಷ್ಯ. ಕುಳಿತುಕೊಳ್ಳುವ ಮುಂಚೆ ಕುರ್ಚಿಯ ನಾಲ್ಕು ಕಾಲನ್ನೂ ಎಣಿಸಿ ನೋಡಿದರು. ಆಮೇಲೆ ಮೇಜಿನ ಮೇಲೆ ನನ್ನ ಪೆನ್ಸಿಲ್ ಇಟ್ಟು, ಅದು ಉರುಳದಿರುವುದನ್ನು ಕಂಡು, "ಮಟ್ಟ ಸರಿಯಾಗಿದೆ" ಎಂದು ಮೆಚ್ಚಿದರು. ಕಲ್ಲಪ್ಪನಿಗೆ ಸಿಕ್ಕ ಮೊದಲ ಸರ್ಕಾರಿ ಪ್ರಶಂಸೆ ಅದು.

"ಈ ಮುದ್ರೆ ಒತ್ತೋಕೆ ನಿಮಗೆ ಅಧಿಕಾರ ಯಾರು ಕೊಟ್ರು?"

"ಪ್ರಪಂಚ ಕೊಡ್ತು ಸಾರ್" ಎಂದರು ಅಪ್ಪ. "ಬೇಕಾದ್ರೆ ಪತ್ರ ಓದಿ. ಧನ್ಯವಾದ ಅಂತ ಬರೆದಿದಾರೆ. ಮುಂದೆ ಆಶ್ಚರ್ಯಸೂಚಕ ಬೇರೆ ಹಾಕಿದಾರೆ. ನಿಮ್ಮ ಇಲಾಖೇಲಿ ಯಾರಿಗಾದ್ರೂ ಆಶ್ಚರ್ಯಸೂಚಕ ಹಾಕಿದ್ದುಂಟಾ?"

ಇನ್‌ಸ್ಪೆಕ್ಟರು ಪತ್ರವನ್ನು ಎರಡು ಸಲ ಓದಿದರು. ಇಲ್ಲ, ಅವರ ಇಲಾಖೆಯಲ್ಲಿ ಹಾಗೆ ಹಾಕಿದ್ದಿಲ್ಲ. ಅವರ ಮುಖ ಸ್ವಲ್ಪ ಬಾಡಿತು.

"ಸರಿ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬರ್ತೀನಿ. ಈ ಪರೀಕ್ಷೇನ ನನ್ನ ಕಣ್ಣೆದುರಿಗೆ ಮಾಡಿ ತೋರಿಸ್ಲಿ. ಕ್ರಮವಾಗಿದ್ರೆ ನಾನೇ ದೃಢೀಕರಣ ಬರೆದು ನಿಮ್ಮ ಮುದ್ರೇನೇ ಅದರ ಮೇಲೆ ಒತ್ತುತೀನಿ. ಇಲ್ಲದಿದ್ರೆ ಮುದ್ರೆ ಜಪ್ತಿ. ಅಲ್ಲೀ ತನಕ ಯಂತ್ರಾನ ಯಾರೂ ಮುಟ್ಟೋ ಹಾಗಿಲ್ಲ." ಹೀಗೆಂದು, ನಾನು ಬೆರಳು ಮಾಡಿ ತೋರಿಸಿದ ಕಲ್ಲಪ್ಪನಿಗೂ ಮೇಜಿಗೂ ಸೇರಿಸಿ ದಾರ ಸುತ್ತಿ ಅರಗು ಹಾಕಿಬಿಟ್ಟರು.

ಶನಿವಾರ ಸದ್ದಿಲ್ಲದೆ ಪರೀಕ್ಷಿಸಿ ಸುಳ್ಳನ್ನು ನಿಜ ಮಾಡಿಬಿಡುವ ನನ್ನ ಯೋಜನೆಗೂ ಅರಗು ಬಿತ್ತು. ಈಗ ನನ್ನ ಜೀವನದ ಮೊಟ್ಟಮೊದಲ ಪರೀಕ್ಷೆ ಊರೆದುರಿಗೆ ನಡೆಯಬೇಕು. ಅದೇ ಭಾನುವಾರ ನನ್ನ ಹೆಸರು ಕರ್ನಲ್ಲಿಗೆ ಸೇರುವ ದಿನ.

ಭಾನುವಾರ ಒಂಬತ್ತೂವರೆಗೇ ಮನೆ ತುಂಬಿತು. ಆಂಟಿ ಮಿಕ್ಸಿಯೊಡನೆ ಬಂದಿದ್ದರು, ಅದಕ್ಕೂ ನೋಡಲು ಆಸೆಯೇನೋ. ಅತ್ತೆ ಮುಂದಿನ ಕುರ್ಚಿ ಹಿಡಿದಿದ್ದರು. ಇನ್‌ಸ್ಪೆಕ್ಟರು ಗಡಿಯಾರ ನೋಡಿ ಹತ್ತಕ್ಕೆ ಸರಿಯಾಗಿ ಅರಗು ಒಡೆದರು. ಕಲ್ಲಪ್ಪನನ್ನು ಎಳೆದೊಡನೆ ಮೇಜು ವಾಲಿತು. ಅಮ್ಮ ಸುತ್ತ ಒಮ್ಮೆ ಕಣ್ಣಾಡಿಸಿ, "ಮೋಟಾರಿನೋರೇ, ಬನ್ನಿ ಇಲ್ಲಿ. ಇಷ್ಟೆಲ್ಲಾ ಆಗಿದ್ದು ನಿಮ್ಮಿಂದ. ಹಿಡ್ಕೊಳ್ಳಿ" ಎಂದಳು. ಅವರು ಬಂದು ನಾಲ್ಕನೇ ಕಾಲಾಗಿ ನಿಂತರು.

ಕಲ್ಲಪ್ಪನ ಮುಚ್ಚಳ ಬಿಚ್ಚಿದೆ. ಒಳಗೆ ಹದಿನೇಳು ವರ್ಷದ ನೂಲು, ಎರಡು ಗುಂಡಿ, ಕಳೆದುಹೋದಾಗ ಅಮ್ಮ ಅತ್ತೆಯ ಮೇಲೆ ಅನುಮಾನಪಟ್ಟಿದ್ದ, ಹೊಲಿಯುವಾಗ ಬೆರಳಿಗೆ ಹಾಕುವ ಬೆಳ್ಳಿ ಟೋಪಿ. ಇವುಗಳ ನಡುವೆ ಕಾರ್ಡು! ನನ್ನ ಅಂಗೈಗಿಂತ ಉದ್ದ, ಹಸಿರು, ಬಂಗಾರದ ಬಣ್ಣದ ಹಲ್ಲುಸಾಲು. ಅದನ್ನು ಕಿತ್ತು, ಡೈರಿಯ ರಬ್ಬರಿನಿಂದ ಹಲ್ಲುಗಳನ್ನು ಉಜ್ಜಿದೆ. ಕಿಲುಬು ಬಿಡಿಸಲು ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಬೇಕಾದ್ದಕ್ಕಿಂತ ನಾಲ್ಕು ಸಲ ಹೆಚ್ಚೇ ಉಜ್ಜಿದೆ. ಭಯದಿಂದ ಎಂದುಕೊಂಡೆ, ಅಲ್ಲ, ಖುಷಿಯಿಂದ. ಇಷ್ಟು ದಿನ ಇದರ ವೇಷವನ್ನು ನೋಡುತ್ತಿದ್ದೆ, ಈಗ ಕೈಯಲ್ಲಿ ಅದೇ ಇತ್ತು.

ಕಲ್ಲಪ್ಪನ ಜೊತೆಗೇ ಬಂದು ಅಟ್ಟ ಸೇರಿದ್ದ ಡೊಳ್ಳುಹೊಟ್ಟೆಯ ಮಾನಿಟರನ್ನು ಇಳಿಸಿ ಜೋಡಿಸಿದೆ. ಯಂತ್ರವನ್ನು ಎಬ್ಬಿಸುವ ಫ್ಲಾಪಿ ಹಾಕಿದೆ, ತಿದ್ದಿದ ಕರ್ನಲ್ ಇದ್ದ ಸಿ.ಡಿ. ಹಾಕಿದೆ, ಗುಂಡಿ ಒತ್ತಿದೆ.

ಏನೂ ಆಗಲಿಲ್ಲ. ಅತ್ತೆ "ಪಾಪ, ಹೋಯ್ತು" ಎಂದರು. ಮರುಕ್ಷಣ ಕಲ್ಲಪ್ಪ ಕೆಮ್ಮಿದ! ಫ್ಯಾನಿನಿಂದ ನೂಲಿನ ಮೋಡವೊಂದು ಎದ್ದು ಇನ್‌ಸ್ಪೆಕ್ಟರ ಮೀಸೆಯ ಮೇಲೆ ಕುಳಿತಿತು. ಕಟಕಟ, ಗರಗರ, ಬೀಪ್. ಪರದೆಯ ಮೇಲೆ ಅಂಕಿಗಳು ಒಂದೊಂದಾಗಿ ಏರತೊಡಗಿದವು.

"ಮೆಮೊರಿ ಎಣಿಸ್ತಾ ಇದೆ" ಎಂದೆ. ನಾನಾಗಿಯೇ ಮಾತಾಡಿದ್ದನ್ನು ಕೇಳಿ ಅಮ್ಮ ನನ್ನತ್ತ ತಿರುಗಿ ನೋಡಿದಳು.

ಕರ್ನಲ್ಲು ಎದ್ದಿತು. ಸಾಲು ಮೇಲೆ ಸಾಲು. ಡಿಸ್ಕು ಕಂಡಿತು, ಕೀಲಿಮಣೆ ಕಂಡಿತು. ನೆಟ್‌ವರ್ಕ್ ಕಾರ್ಡು... ಕಂಡಿತು! ಡ್ರೈವರ್ ಅದನ್ನು ಮುಟ್ಟಿತು—

ಪರದೆ ತುಂಬ ಅಕ್ಷರಗಳ ಜಲಪಾತ. ಅಂಕಿ, ಚುಕ್ಕೆ, ಆವರಣ, ಮತ್ತೆ ಅಂಕಿ. ಕೊನೆಗೆ ಒಂದು ಸಾಲು. ಆಮೇಲೆ ಎಲ್ಲವೂ ಸ್ತಬ್ಧ.

"ಅಬ್ಬಬ್ಬಾ, ಎಷ್ಟು ಬರೀತು!" ಎಂದರು ಆಂಟಿ. ಅಪ್ಪ ಚಪ್ಪಾಳೆ ಶುರು ಮಾಡಿದರು. ಎಲ್ಲರೂ ತಟ್ಟಿದರು. ಮೋಟಾರಿನವರು ಒಂದು ಕೈ ಬಿಟ್ಟು ತೊಡೆ ತಟ್ಟಲು ಹೋಗಿ ಮೇಜು ವಾಲಿ ಅಮ್ಮನಿಂದ ಬೈಸಿಕೊಂಡರು.

ಇನ್‌ಸ್ಪೆಕ್ಟರು ಕೈಯೆತ್ತಿ ಸದ್ದಡಗಿಸಿ, ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದು ಒಂದು ನಿಮಿಷ ನೋಡಿದರು. "ತಕ್ಕಡಿ ಆಗ್ಲಿ, ಯಾವುದೇ ಆಗ್ಲಿ, ಮುಳ್ಳು ಅಲ್ಲಾಡ್ತಾ ಇದ್ರೆ ಫೇಲು. ನಿಂತ ಮೇಲೇ ಓದಬೇಕು. ಇದು ನೋಡಿ, ಒಂದು ಅಕ್ಷರ ಅಲ್ಲಾಡ್ತಿಲ್ಲ. ಮೂವತ್ತು ವರ್ಷದ ನೌಕರೀಲಿ ಇಷ್ಟು ಸ್ಥಿರವಾದ ಯಂತ್ರ ನೋಡಿಲ್ಲ. ಪಾಸ್!"

ಕೊನೆಯ ಸಾಲಿನಲ್ಲಿದ್ದದ್ದು ‘ಕರ್ನಲ್ ಪ್ಯಾನಿಕ್’. ಕರ್ನಲ್ಲು ತಬ್ಬಿಬ್ಬಾಗಿ ಪ್ರಾಣ ಬಿಡುವಾಗ ಬರೆಯುವ ಮರಣಪತ್ರ ಅದು.

ಅದರ ಮೇಲಿನ ಸಾಲುಗಳನ್ನು ಒಂದೊಂದಾಗಿ ಓದಿದೆ. ಅರ್ಥವಾಯಿತು! ಎಮ್ಯುಲೇಟರಿನ ಕಾರ್ಡು ಸಭ್ಯಸ್ಥ, ಕರೆಯುವ ತನಕ ಬಾಯಿ ಬಿಡುವುದಿಲ್ಲ. ನಿಜವಾದ ಕಾರ್ಡು ಹಾಗಲ್ಲ, ವಿದ್ಯುತ್ತು ಸಿಕ್ಕೊಡನೆ ಕೂಗು ಹಾಕುತ್ತದೆ. ತಿದ್ದಿದ ಡ್ರೈವರ್ ಮೊದಲು ಬಾಗಿಲು ತೆರೆದು, ಆಮೇಲೆ ಕುರ್ಚಿ ಹಾಕುತ್ತಿತ್ತು. ಕೂಗು ಒಳಗೆ ನುಗ್ಗಿತು, ಕೂರಲು ಜಾಗವಿಲ್ಲ, ಮನೆಯೇ ಕುಸಿಯಿತು. ಇದು ಪ್ರಪಂಚದ ಯಾವ ಲ್ಯಾಪ್‌ಟಾಪಿನಲ್ಲೂ ಕಾಣುತ್ತಿರಲಿಲ್ಲ. ಕಾಣಲು ಕಲ್ಲಪ್ಪನೇ ಬೇಕಿತ್ತು!

ಇನ್‌ಸ್ಪೆಕ್ಟರು ಹದಿನಾಲ್ಕು ಕಲಮುಗಳ ಫಾರಂ ತೆಗೆದು ದುಂಡಗೆ ಬರೆಯತೊಡಗಿದರು. ನಾನು ಪರದೆಯ ಫೋಟೋ ತೆಗೆದು, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟು ಬರೆದೆ: ‘ಭಾನುವಾರದ ಸೇರ್ಪಡೆ ನಿಲ್ಲಿಸಿ. ನಾನು ಮೊದಲು ಬರೆದದ್ದು ಸುಳ್ಳು. ಎಮ್ಯುಲೇಟರಿನಲ್ಲಷ್ಟೇ ಓಡಿಸಿದ್ದೆ. ನಿಜವಾದ ಕಾರ್ಡಿನ ಮೇಲೆ ಈಗ ಓಡಿಸಿದೆ, ಕರ್ನಲ್ ಸಾಯುತ್ತದೆ. ಫೋಟೋ ಇದೆ. ಕ್ಷಮಿಸಿ.’ ಬರೆಯುವುದು ನನಗೆ ಕಷ್ಟವಲ್ಲ. ಕಳಿಸಿದೆ.

ಇನ್‌ಸ್ಪೆಕ್ಟರು ಒಂಬತ್ತನೇ ಕಲಮಿನಲ್ಲಿದ್ದಾಗ ಉತ್ತರ ಬಂತು. ‘ನಿಲ್ಲಿಸಿದ್ದೇನೆ. ಹಾಗೆ ಬರೆಯಬಾರದಿತ್ತು, ಆದರೆ ಈಗ ನಿಜ ಬರೆದಿರಲ್ಲ. ಎಂಥ ಫೋಟೋ! ಎರಡು ಸಾಲು ಹಿಂದುಮುಂದಾಗಿವೆ, ತಪ್ಪು ನನ್ನದು. ಸರಿಪಡಿಸಿದ್ದನ್ನು ಇದರ ಜೊತೆ ಕಳಿಸಿದ್ದೇನೆ. ಓಡಿಸಿ ನೋಡುತ್ತೀರಾ? ಈ ಸಲ ಕಾರ್ಡಿನ ಮೇಲೆ.’

ತಲೆಯೆತ್ತಿದೆ. ಅಪ್ಪ ಮಾತಾಡುತ್ತಿದ್ದರು. "ನನ್ನ ಹೆಸರು ಯಾವ ಕಾಗದದ ಮೇಲೂ ಬರ್ಲಿಲ್ಲ. ಹೋಗ್ಲಿ, ಮಗಳದ್ದು ಬಂತಲ್ಲ. ಅವಳು ಜಾಸ್ತಿ ಮಾತಾಡಲ್ಲ ಸಾರ್. ಆದ್ರೆ ಹೂಂ ಅಂದ್ಲು ಅಂದ್ರೆ ಅದು ಹೂಂ."

ಹದಿನಾಲ್ಕನೇ ಕಲಮು ಮುಗಿಯಿತು. ಇನ್‌ಸ್ಪೆಕ್ಟರು ಸ್ಟ್ಯಾಂಪನ್ನು ಶಾಯಿಗೆ ಅದ್ದಿದರು. ಭೂಗೋಳ ನೇರಳೆಯಾಯಿತು. ಅದನ್ನು ಮೇಲೆತ್ತಿ ನನ್ನ ಕಡೆ ತಿರುಗಿ, "ಒತ್ತಬಹುದಲ್ವೇನಮ್ಮಾ?" ಎಂದು ಕೇಳಿದರು.

ಅಭ್ಯಾಸದ ‘ಹೂಂ’ ಗಂಟಲ ತನಕ ಬಂದಿತ್ತು. ಅಪ್ಪ ಅದಕ್ಕಾಗಿಯೇ ನನ್ನ ಬಾಯಿಯನ್ನು ನೋಡುತ್ತ ನಿಂತಿದ್ದರು.

"ಊಹೂಂ!" ಎಂದೆ. ಎಷ್ಟು ಜೋರಾಗಿತ್ತೆಂದರೆ ಮೋಟಾರಿನವರು ಮೇಜು ಬಿಟ್ಟರು, ಕತ್ತರಿ, ಗುಂಡಿಡಬ್ಬಿ, ಮಿಕ್ಸಿ ಎಲ್ಲ ಜಾರಿ ನೆಲ ಸೇರಿದವು. ಯಾರೂ ಅತ್ತ ನೋಡಲಿಲ್ಲ.

"ಒತ್ತಬೇಡಿ ಸಾರ್, ಅದು ಸ್ಥಿರವಾಗಿಲ್ಲ, ಸತ್ತಿದೆ. ಅಪ್ಪಾ, ನಾನು ಟೆಸ್ಟ್ ಮಾಡಿದೀನಿ ಅಂತ ಬರೆದಾಗ ಮಾಡೇ ಇರ್ಲಿಲ್ಲ. ಇವತ್ತೇ ಮೊದಲನೇ ಸಲ ಮಾಡಿದ್ದು. ಮಾಡಿದ ತಕ್ಷಣ ತಪ್ಪು ಸಿಕ್ತು ಅಪ್ಪಾ, ಬೇರೆ ಯಾರಿಗೂ ಸಿಗದೇ ಇದ್ದಿದ್ದು ನಮ್ಮ ಕಲ್ಲಪ್ಪಂಗೆ ಸಿಕ್ತು!"